ಬ್ಯಾಟ್ ಹಿಡಿದು ಓಡಿದವಳು

ಕ್ಷಮಿಸಿಬಿಡು ಎಂದು ನನಗೆ ಬುದ್ಧಿ ಹೇಳಿದವರು ಬಹಳ ಮಂದಿ. ಅವರ್ಯಾರೂ ಆ ವಿಡಿಯೊದಲ್ಲಿ ಇರಲಿಲ್ಲ.

ಐರ್ಲೆಂಡಿನ ಅತ್ಲೋನ್‌ನಿಂದ ಸ್ವಲ್ಪ ದೂರದ ಒಂದು ಸಣ್ಣ ಕಾಲೇಜಿಗೆ ನಾನು ಮಾಸ್ಟರ್ಸ್ ಓದಲು ಬಂದ ವರ್ಷವೇ ಕೊರೊನಾ. ಪಾಠವೆಲ್ಲ ಲ್ಯಾಪ್‌ಟಾಪಿನಲ್ಲಿ. ಮನುಷ್ಯರ ಮುಖ ನೋಡಬೇಕೆಂದರೆ ಬಯಲಿನ ಆಟವೇ ಗತಿ ಎಂದು ಬೇಸ್‌ಬಾಲ್ ಕ್ಲಬ್ಬಿಗೆ ಸೇರಿದೆ. ತುಮಕೂರಿನ ಗಲ್ಲಿಯಲ್ಲಿ ಅಣ್ಣಂದಿರ ಜೊತೆ ಕ್ರಿಕೆಟ್ ಆಡಿ ಬೆಳೆದವಳಿಗೆ ಇದೇನು ಮಹಾ ಎಂಬ ಧೈರ್ಯ ಬೇರೆ.

ಮೊದಲ ದಿನ ಚೆಂಡನ್ನು ಚೆನ್ನಾಗಿಯೇ ಬಾರಿಸಿದೆ. ಈ ಆಟದಲ್ಲಿ ಬಾರಿಸಿದ ಮೇಲೆ ಬ್ಯಾಟನ್ನು ಅಲ್ಲೇ ಬಿಟ್ಟು ಓಡಬೇಕು, ಬೇಸ್ ಎಂಬ ಮೆತ್ತೆಗಳಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ಹೋಗಬೇಕು. ನಾನು ಬ್ಯಾಟ್ ಹಿಡಿದುಕೊಂಡೇ ಓಡಿ, ಬಗ್ಗಿ, ಕ್ರೀಸ್ ಮುಟ್ಟಿಸುವ ಹಾಗೆ ಅದರ ತುದಿಯನ್ನು ಬೇಸಿಗೆ ತಾಗಿಸಿ, ಎರಡನೇ ರನ್ನಿಗೆಂದು ಹೊರಟ ಜಾಗಕ್ಕೇ ವಾಪಸ್ ಬಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ತಂಡದ ನಾಯಕ ಅದನ್ನು ಫೋನಿನಲ್ಲಿ ಹಿಡಿದಿದ್ದ. ಸಂಜೆಯೊಳಗೆ ಅದಕ್ಕೊಂದು ಸರ್ಕಸ್ ಸಂಗೀತ ಸೇರಿಸಿ ಗ್ರೂಪಿಗೆ ಹಾಕಿದ.

ಮತ್ತೆ ಲಾಕ್‌ಡೌನ್ ಬಂತು. ಅಭ್ಯಾಸ ನಿಂತಿತು, ವಿಡಿಯೊ ನಿಲ್ಲಲಿಲ್ಲ. ಯಾರದಾದರೂ ಹುಟ್ಟುಹಬ್ಬವಾದರೂ ಅದೇ, ಪರೀಕ್ಷೆ ಮುಗಿದರೂ ಅದೇ. ತೆಗೆದುಹಾಕು ಎಂದು ಕೇಳಿದ್ದಕ್ಕೆ, ತಮಾಷೆ ಅರ್ಥವಾಗದವರಿಗೆ ತನ್ನ ತಂಡದಲ್ಲಿ ಜಾಗವಿಲ್ಲ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ರೂಮ್‌ಮೇಟ್, ಮೈಸೂರಿನವಳು, ಸಮಾಧಾನದ ಜೀವ.

"ಆ ಗ್ರೂಪಿಂದ ಆಚೆ ಬಂದ್ಬಿಡೇ, ಎಲ್ಲಾ ಗ್ರ್ಯಾಂಡ್ ಆಗತ್ತೆ," ಎಂದಳು. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಎಲ್ಲ ಸರಿ ಎಂದರ್ಥ.

"ಬರಲ್ಲ. ಅವನ ಟೀಮಲ್ಲೇ ಆಡ್ತೀನಿ."

ಮನೆಯ ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಕಾಲುಚೀಲದಲ್ಲಿ ಚೆಂಡು ಕಟ್ಟಿ ನೇತುಹಾಕಿದೆ. ಜಿಟಿಜಿಟಿ ಮಳೆಯಲ್ಲೂ ಅದಕ್ಕೆ ಬಾರಿಸುತ್ತಿದ್ದೆ. ಒಳಗೆ ಬಂದು ಆಟದ ನಿಯಮಗಳನ್ನು ಓದುತ್ತಿದ್ದೆ. ಓದುತ್ತ ಓದುತ್ತ ಒಂದು ಕಡೆ ಕಣ್ಣು ನಿಂತಿತು. ಗೆರೆಯಾಚೆ ಅಡ್ಡಾದಿಡ್ಡಿ ಹೋದ ಚೆಂಡಿಗೆ ಫೌಲ್ ಎನ್ನುತ್ತಾರೆ, ಅದಕ್ಕೆ ರನ್ ಇಲ್ಲ. ಒಳ್ಳೆಯ ಚೆಂಡು ತಪ್ಪಿದರೆ ಅದೊಂದು ಸ್ಟ್ರೈಕ್, ಮೂರಾದರೆ ಔಟ್. ಆದರೆ ಎರಡು ಸ್ಟ್ರೈಕ್ ಆದ ಮೇಲೆ, ಬ್ಯಾಟ್ ಬೀಸಿ ಚೆಂಡನ್ನು ನೆಲದ ಮೇಲೆ ಹಾಗೆ ಕಳಿಸಿದರೆ ಔಟೂ ಇಲ್ಲ. ಮತ್ತೆ ಎಸೆಯಬೇಕು. ಎಷ್ಟು ಸಲವಾದರೂ ಎಸೆಯಬೇಕು. ಚೆಂಡನ್ನು ತಡವಾಗಿ ಆಡಿ ಬೆನ್ನ ಹಿಂದಕ್ಕೆ ಕತ್ತರಿಸುವುದು ಗಲ್ಲಿಯಲ್ಲಿ ನನಗೆ ಅನ್ನ ಕಲಸಿದಷ್ಟು ಸಲೀಸಾಗಿತ್ತು. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಜೋರಾಗಿ ನಕ್ಕೆ.

ನಿರ್ಬಂಧ ಸಡಿಲಿಸಿದ ಮೇಲೆ ವಾಟರ್‌ಫರ್ಡ್ ಕಡೆಯ ತಂಡದ ಜೊತೆ ಒಂದು ಪಂದ್ಯ ಗೊತ್ತಾಯಿತು. ತಂಡದಲ್ಲಿ ಒಂದೇ ಜಾಗ ಖಾಲಿ. ನಾಯಕ ಎಸೆಯುವುದು, ಆ ಜಾಗ ಬೇಕಾದವರು ಆಡುವುದು, ಕೋಚ್ ಆರಿಸುವುದು ಎಂದಾಯಿತು. ನನ್ನ ಸರದಿಯಲ್ಲಿ ಅವನು ಚಕಚಕನೆ ಎರಡು ಸ್ಟ್ರೈಕ್ ಹಾಕಿ ಗೆಳೆಯರ ಕಡೆ ತಿರುಗಿ ಕಣ್ಣು ಹೊಡೆದ.

ಆಮೇಲೆ ನಾನು ಶುರುಮಾಡಿದೆ. ಅವನು ಎಸೆದ, ನಾನು ಬೀಸಿ ಹಿಂದಕ್ಕೆ ಕಳಿಸಿದೆ. ಮತ್ತೆ ಎಸೆದ, ಮತ್ತೆ ಕಳಿಸಿದೆ. ಸೋಂಕಿನ ಭಯಕ್ಕೆ ಪ್ರತಿ ಚೆಂಡನ್ನೂ ಸ್ಯಾನಿಟೈಸರಿನಲ್ಲಿ ಒರೆಸಬೇಕಿತ್ತು; ಒರೆಸುವವರಿಗೆ ಸಾಕುಸಾಕಾಯಿತು. ಬೇರೆಯವರು ಎಸೆಯಲಿ ಎಂದು ಕೋಚ್ ಎರಡು ಸಲ ಹೇಳಿದರು. ಇವಳನ್ನು ತಾನೇ ಔಟ್ ಮಾಡುತ್ತೇನೆ ಎಂದು ಅವನು ಹಟ ಹಿಡಿದ. ಅವನ ಮುಖ ಕೆಂಪಾಗುವುದನ್ನು, ಚೆಂಡಿನ ವೇಗ ಇಳಿಯುವುದನ್ನು, ಭುಜ ಹಿಡಿದುಕೊಳ್ಳುವುದನ್ನು ನಾನು ಕಣ್ತುಂಬ ನೋಡಿದೆ. ಕನಿಕರ ಬರಲಿಲ್ಲ. ಕೊನೆಗೆ ಅವನ ಚೆಂಡುಗಳು ನನ್ನ ತನಕ ನೆಟ್ಟಗೆ ಬರುವುದೇ ನಿಂತಿತು. ಅಂಥವು ನಾಲ್ಕಾದರೆ ಮೊದಲ ಬೇಸ್ ಪುಕ್ಕಟೆ ಎಂಬ ನಿಯಮದಂತೆ ಅಲ್ಲಿಗೆ ಆರಾಮವಾಗಿ ನಡೆದುಕೊಂಡು ಹೋದೆ. ಕೋಚ್ ನನ್ನ ಹೆಸರು ಬರೆದುಕೊಂಡರು.

ಪಂದ್ಯದ ದಿನಕ್ಕೂ ಅವನ ಕೈ ಮೇಲೇಳಲಿಲ್ಲ. ನಾಯಕನಾದ್ದರಿಂದ ಬರದೆ ಇರುವ ಹಾಗೂ ಇರಲಿಲ್ಲ. ಎಸೆಯಲು ಸರಿಯಾದವರಿಲ್ಲದೆ ನಾವು ನಾಚಿಕೆಪಡುವಷ್ಟು ಸೋತೆವು.

ಮನೆಗೆ ಬಂದಾಗ ರೂಮ್‌ಮೇಟ್ ಫಲಿತಾಂಶ ಕೇಳಿದಳು. ಹೇಳಿದೆ.

"ಸೋತು ಬಂದು ಹಿಂಗ್ ನಗ್ತಿದೀಯಲ್ಲೇ," ಎಂದಳು.

"ಬೆಂಚ್ ಮೇಲೆ ಕೂತಿದ್ದ ಕಣೇ," ಎಂದೆ. "ನಾನು ಆಡೋವಾಗ ಅವನು ಚಪ್ಪಾಳೆ ತಟ್ಬೇಕಿತ್ತು. ಒಂದೇ ಕೈಲಿ ತೊಡೆ ಮೇಲೆ ತಟ್ದ."