ಬಚ್ಚಲುಮನೆಯ ಬಾಗಿಲಲ್ಲಿ

ನನ್ನ ಗಂಡ ಮೂವತ್ತೊಂದು ವರ್ಷ ಬೀಗ ರಿಪೇರಿ ಮಾಡಿದವರು. ಎರಡು ವರ್ಷದ ಹಿಂದೆ ಮಿದುಳು ಜ್ವರ ಬಂತು. ಜೀವ ಉಳಿಯಿತು, ಹೊಸ ನೆನಪು ಕೂಡಿಡುವ ಶಕ್ತಿ ಹೋಯಿತು. ಮದುವೆಯ ದಿನ ನಾನುಟ್ಟ ಸೀರೆಯ ಬಣ್ಣ ಹೇಳುತ್ತಾರೆ, ಬೆಳಿಗ್ಗೆ ತಿಂದ ತಿಂಡಿ ಹೇಳಲಾರರು. ಇವರ ಮರೆವನ್ನು ಅಧ್ಯಯನ ಮಾಡುವ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದ್ದರು: "ಬಾಯಲ್ಲಿ ಹೇಳ್ಕೊಳ್ತಾ ಇದ್ರೆ ಮಾತು ನೆನಪಲ್ಲಿ ನಿಲ್ಲತ್ತೆ. ಗಮನ ಆಚೀಚೆ ಆಯ್ತೋ, ಹೋಯ್ತು. ಕೈಕೆಲಸಕ್ಕೆ ಮಾತ್ರ ಏನೂ ಆಗಿಲ್ಲ, ಮಿದುಳಲ್ಲಿ ಅದರ ಜಾಗವೇ ಬೇರೆ."

ಬಚ್ಚಲುಮನೆಯ ಬಾಗಿಲ ಹಿಡಿ ಒಂದು ತಿಂಗಳಿಂದ ಅಲ್ಲಾಡುತ್ತಿತ್ತು. ನಾನು ದಿನಾ ಹೇಳುವುದು, ಇವರು ದಿನಾ "ನಾಳೆ ನೋಡ್ತೀನಿ ಬಿಡು" ಎನ್ನುವುದು. ಬೇರೆಯವರನ್ನು ಕರೆಸಬಹುದಿತ್ತು. ಆದರೆ ಇವರು ಕೂತಿರುವ ಮನೆಗೆ ಇನ್ನೊಬ್ಬ ಬೀಗದವನನ್ನು ಕರೆಸುವುದೇ? ಮನಸ್ಸು ಬರಲಿಲ್ಲ. ನನ್ನ ಬುದ್ಧಿಗಿಷ್ಟು!

ಆ ಬೆಳಿಗ್ಗೆ ಸ್ನಾನ ಮುಗಿಸಿ ಬಾಗಿಲು ಎಳೆದರೆ ಹಿಡಿ ಕೈಗೇ ಬಂತು, ಒಳಗಿನ ಬೀಗ ಸಿಕ್ಕಿಕೊಂಡಿತು. ಹಬೆಗೆ ನನ್ನ ಉಬ್ಬಸ ಕೆರಳಿತು. ಇನ್‌ಹೇಲರ್ ಹೊರಗೆ ಮೇಜಿನ ಮೇಲೆ. ಮನೆಯಲ್ಲಿ ಇವರೊಬ್ಬರೇ.

"ರೀ, ಬಾಗಿಲು ತೆಗೆಯೋಕೆ ಬರ್ತಿಲ್ಲ! ಉಸಿರು ಕಟ್ತಿದೆ!"

"ಅಯ್ಯೋ, ಇರು, ಸ್ಕ್ರೂಡ್ರೈವರ್ ತಂದೆ."

ಹೋದರು. ಕಾದೆ. ನಡುಮನೆಯಿಂದ ಪೇಪರ್ ಮಗುಚುವ ಸದ್ದು ಬಂತು. ಮರೆತೇಬಿಟ್ಟಿದ್ದರು.

ಬಾಗಿಲು ಗುದ್ದಿದೆ. ಓಡಿ ಬಂದರು. "ಏನಾಯ್ತೇ?" ಈಗಷ್ಟೇ ಮೊದಲ ಸಲ ಕೇಳಿದವರ ಗಾಬರಿ. ಮತ್ತೆ ಹೇಳಿದೆ, ಮತ್ತೆ ಹೋದರು, ಮತ್ತೆ ಪೇಪರ್. ಸುಡುಗಾಡು ಪೇಪರ್! ಸಾಯುವ ಹೊತ್ತಿನಲ್ಲೂ ನನಗೆ ಸಿಟ್ಟು.

ಮತ್ತೆ ಗುದ್ದುವಾಗ ಕೈಯಲ್ಲಿ ಬಲವಿರಲಿಲ್ಲ. ಇವರು ಬಂದರು. ಬಾಗಿಲ ಸಂದಿಗೆ ಬಾಯಿಟ್ಟೆ. "ಬಚ್ಚಲ್ಮನೆ, ಸ್ಕ್ರೂಡ್ರೈವರ್... ಅಂತ ಕೂಗ್ತಾ ಹೋಗಿ. ನಿಲ್ಲಿಸ್ಬೇಡಿ."

"ಬಚ್ಚಲ್ಮನೆ, ಸ್ಕ್ರೂಡ್ರೈವರ್. ಬಚ್ಚಲ್ಮನೆ, ಸ್ಕ್ರೂಡ್ರೈವರ್." ದನಿ ದೂರವಾಯಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ದನಿ ತಡವರಿಸಿತು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಇವರು ಫೋನಿಗಿಂತ ಜೋರಾಗಿ ಕೂಗತೊಡಗಿದರು, ಕೂಗುತ್ತಲೇ ಹತ್ತಿರ ಬಂದರು.

ಆಮೇಲೆ ಏನೂ ಹೇಳಿಕೊಡಬೇಕಾಗಲಿಲ್ಲ. ನಾಲ್ಕು ಸ್ಕ್ರೂ ಪಟಪಟನೆ ಬಿಚ್ಚಿಕೊಂಡವು, ಬಾಗಿಲು ತೆರೆಯಿತು. ನನ್ನ ಮುಖ ನೋಡಿದವರೇ ಬಿಳಿಚಿಕೊಂಡರು. ನಾನು ತೆವಳಿಕೊಂಡು ಹೋಗಿ ಇನ್‌ಹೇಲರ್ ಬಾಯಿಗಿಟ್ಟೆ.

ಹತ್ತು ನಿಮಿಷದ ಮೇಲೆ, "ಯಾಕೆ ಕಣ್ಣೆಲ್ಲ ಕೆಂಪಗಿದೆ?" ಎಂದು ಕೇಳಿದರು.

ಮಾರನೆಯ ದಿನವೇ ಬೇರೆಯವನನ್ನು ಕರೆಸಿ ಹೊಸ ಹಿಡಿ ಹಾಕಿಸಿದೆ. ಆದರೂ ಅಂದಿನಿಂದ ನಾನು ಸ್ನಾನಕ್ಕೆ ಹೋದರೆ ಸಾಕು, ಇವರು ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಹೊರಗೆ ಕೂರುತ್ತಾರೆ.

"ಇಲ್ಲಿ ಯಾಕ್ರೀ ಕೂತಿದೀರಾ?"

"ಗೊತ್ತಿಲ್ಲ ಕಣೇ. ಎದ್ದು ಹೋಗೋಕೆ ಭಯ ಆಗತ್ತೆ."