ಗಾಳಿ ಕದಲದ ಗುಡ್ಡ

ಅವಿಯಾಕ್ ನಕ್ಕರೆ ಎಡಗೆನ್ನೆ ನಗುವುದಿಲ್ಲ. ನಾಲ್ಕು ವರ್ಷದವಳಿದ್ದಾಗ ಅದನ್ನು ನಾಯಿ ಕಿತ್ತಿತ್ತು, ಅದೂ ಸ್ವಂತ ಅಪ್ಪ ಮಸೌನಾನ ಜಾರುಬಂಡಿ ಎಳೆಯುವ ನಾಯಿಗಳ ಮುಂದಾಳು. ಅದಕ್ಕೂ ಮೊದಲೇ ಅದು ಪಕ್ಕದ ಮನೆಯವನ ತೊಡೆಗೆ ಬಾಯಿ ಹಾಕಿತ್ತು. ಮನುಷ್ಯನನ್ನು ಕಚ್ಚಿದ ನಾಯಿಗೆ ಉತ್ತರದ ಹಿಮನಾಡಿನ ಅವರೂರು ಕಾನಾಕಿನಲ್ಲಿ ಅಂದೇ ಗುಂಡು. ಆದರೆ ಮಸೌನಾ, "ಒಳ್ಳೆ ನಾಯಿ ಕಣ್ರೋ, ಇದೊಂದ್ಸಲ ಬಿಟ್ಬಿಡಿ" ಎಂದು ಊರವರ ಕೈಕಾಲು ಹಿಡಿದು ಉಳಿಸಿಕೊಂಡಿದ್ದ. ಮಗಳ ಕೆನ್ನೆ ಹೋದ ದಿನ ಅವನು ಬಂದೂಕಿಗೂ ಕಾಯದೆ ಅದನ್ನು ಕೊಡಲಿಯಲ್ಲೇ ಕೊಚ್ಚಿ ಹಾಕಿದ.

ಅದೇ ಮಸೌನಾ ಮುಂದೆ ಸಮುದ್ರದ ಮಂಜುಗಡ್ಡೆ ಒಡೆದು ಮುಳುಗಿ ಸತ್ತ. ಆ ವರ್ಷ ಅವಿಯಾಕಳಿಗೆ ಹುಟ್ಟಿದ ಹೆಣ್ಣುಮಗುವಿಗೆ ಅವನದೇ ಹೆಸರು ಇಟ್ಟರು. ಹೆಸರು ಬಂತೆಂದರೆ ಮನುಷ್ಯನೂ ಬಂದ ಹಾಗೆಯೇ. ಊರ ಮುದುಕರು ಆ ಪುಟ್ಟಿಯನ್ನು "ಏನಯ್ಯಾ ಮಸೌನಾ, ಬೇಟೆ ಹೇಗಿದೆ?" ಎಂದು ಕೇಳುತ್ತಾರೆ. ಅವಿಯಾಕ್ ಮಗಳನ್ನು ಕರೆಯುವುದು 'ಅಪ್ಪಾ' ಎಂದೇ. ಮಗುವಿಗೆ ಆಗ ನಾಲ್ಕು ತುಂಬಿತ್ತು. ಅದಕ್ಕೇ ಅವಿಯಾಕಳಿಗೆ ಆ ವರ್ಷ ಒಂದು ಗಳಿಗೆಯೂ ನೆಮ್ಮದಿಯಿರಲಿಲ್ಲ. ದಡದಲ್ಲಿ ಕಟ್ಟಿದ ನಾಯಿಯೊಂದು ಸರಪಳಿ ಬಿಚ್ಚಿಕೊಂಡರೆ? ಅಜ್ಜಿ ತೂಕಡಿಸುವಾಗ ಮಗು ಬಾಗಿಲು ತೆಗೆದುಕೊಂಡು ಓಡಿದರೆ?

ಆ ವಸಂತದಲ್ಲಿ ಹೆನಿಂಗನನ್ನು ಜಾರುಬಂಡಿಯಲ್ಲಿ ಗುಡ್ಡಕ್ಕೆ ಕರೆದೊಯ್ಯುವಾಗಲೂ ಅವಳ ತಲೆಯಲ್ಲಿದ್ದದ್ದು ಇದೇ. ಹೆನಿಂಗ್ ಡೆನ್ಮಾರ್ಕಿನವನು. ದೂರದರ್ಶಕ ಕೂರಿಸಲು ಜಾಗ ಹುಡುಕುವುದು ಅವನ ಕೆಲಸ. ಎರಡು ಚಳಿಗಾಲದಿಂದ ಗುಡ್ಡದ ನೆತ್ತಿಯಲ್ಲಿ ಒಂದು ಕಂಬ ನೆಟ್ಟು, ಅಲ್ಲಿನ ಗಾಳಿ ಎಷ್ಟು ಅಲುಗುತ್ತದೆ ಎಂದು ಅಳೆಯುತ್ತಿದ್ದ.

"ಗಾಳಿ ಅಳೆಯೋನೇ, ನಮ್ಮೂರಲ್ಲಿ ಅದು ಕೇಜಿಗಟ್ಟಲೆ ಸಿಗತ್ತೆ. ಇಷ್ಟು ದೂರ ಯಾಕೆ?" ಎಂದಳು ಅವಿಯಾಕ್.

"ನಿಮ್ಮೂರಿನ ಗಾಳಿಗೆ ಸುಮ್ನಿರೋಕೆ ಬರಲ್ಲ, ನಿನ್ನ ಹಾಗೇನೇ. ಗಾಳಿ ನಡುಗಿದ್ರೆ ನಕ್ಷತ್ರ ನಡುಗತ್ತೆ. ಗುಡ್ಡದ ಮೇಲೆ ಮಾತ್ರ ಸತ್ತ ಹಾಗೆ ಬಿದ್ದಿರತ್ತೆ ನೋಡು."

"ನೀನೂ ನಾಯಿಗಳ ಹತ್ರ ಹಾಗೆ ಬೀಳ್ಬೇಡ ಮತ್ತೆ. ಬಿದ್ದದ್ದನ್ನ ಅವು ಊಟ ಅಂದ್ಕೊಳ್ತಾವೆ."

ಗುಡ್ಡದ ಮೇಲೆ ಅವನು ಕಂಬದ ಉಪಕರಣ ಬಿಚ್ಚುವಷ್ಟರಲ್ಲಿ ಅವಿಯಾಕ್ ನಾಯಿಗಳನ್ನು ಸಾಲಾಗಿ ಕಟ್ಟಿ, ಹೆಪ್ಪುಗಟ್ಟಿದ ವಾಲ್ರಸ್ ಮಾಂಸವನ್ನು ಕೊಡಲಿಯಲ್ಲಿ ಕಡಿಯಲು ಕೂತಳು. ನಾಯಿಗಳು ಹಸಿದು ಊಳಿಡುತ್ತಿದ್ದವು. ಹೆನಿಂಗ್ ಉಪಕರಣದ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಇಳಿದು ಬಂದ. ಸೂರ್ಯನ ಸುತ್ತ ಉಂಗುರ ಕಟ್ಟಿತ್ತು. ಅದನ್ನೇ ಬಾಯಿಬಿಟ್ಟು ನೋಡುತ್ತಾ ನಡೆದವನು ಹಗ್ಗ ಎಡವಿ ನಾಯಿಗಳ ನಡುವೆಯೇ ಬೋರಲಾಗಿ ಬಿದ್ದ.

ಕಿರುಚಲಿಕ್ಕೂ ಅವು ಪುರಸೊತ್ತು ಕೊಡಲಿಲ್ಲ. ಹನ್ನೊಂದು ನಾಯಿ ಒಂದೇ ಮೈಯಾಗಿ ಅವನ ಮೇಲೆ ಮುಗಿಬಿದ್ದವು. ಅವಿಯಾಕ್ ಕೊಡಲಿಯ ಹಿಂಬದಿಯಿಂದ ಬೀಸಿದಳು. ಒಂದರ ತಲೆಬುರುಡೆ ಒಡೆಯಿತು, ಇನ್ನೊಂದರ ಬೆನ್ನು ಮುರಿಯಿತು. ಉಳಿದವು ಹೆನಿಂಗನನ್ನು ಬಿಟ್ಟು ಸತ್ತದ್ದರ ಮೇಲೆ ಬಿದ್ದವು. ಒಂದು ಮಾತ್ರ ಬಿಡಲಿಲ್ಲ. ಅದು ಮುಂದಾಳು ತುಲುಗಾಕ್. ಅವನ ಮುಂಗೈಯನ್ನು ಮೊಣಕೈವರೆಗೂ ಸಿಗಿದು ಜಗ್ಗುತ್ತಿತ್ತು. ಅವಿಯಾಕ್ ಹೆಸರು ಹಿಡಿದು ಗದರಿದ ಮೇಲೆ ಬಾಯಿ ಬಿಟ್ಟಿತು. ರಕ್ತದ ಮೂತಿ ಎತ್ತಿ, ಬಾಲ ಅಲ್ಲಾಡಿಸಿತು.

ಅವಳು ಸೀಲ್ ಚರ್ಮದ ಪಟ್ಟಿಯಿಂದ ಅವನ ತೋಳು ಬಿಗಿದು, ಅವನನ್ನು ಬಂಡಿಗೆ ಕಟ್ಟಿದಳು. ಬಂದೂಕು ತೆಗೆದಳು, ಮತ್ತೆ ಒಳಗಿಟ್ಟಳು. ಬಿರುಕು ಬಿಡುತ್ತಿದ್ದ ಸಮುದ್ರದ ಮಂಜುಗಡ್ಡೆಯ ಮೇಲೆ ದಾರಿ ಹಿಡಿಯಬಲ್ಲ ನಾಯಿ ಅದೊಂದೇ. ಕಚ್ಚಿದ ನಾಯಿಯೇ ಕಚ್ಚಿಸಿಕೊಂಡವನನ್ನು ಎಳೆದುಕೊಂಡು ಹೊರಟಿತು. ಎರಡು ಕಡೆ ಮಂಜುಗಡ್ಡೆ ಕುಸಿಯುವ ಮೊದಲೇ ಪಕ್ಕಕ್ಕೆ ತಿರುಗಿತು.

"ಅವಿಯಾಕ್, ನಾನು ಕಂಬದ ತಂತಿಗೆ ಸಿಕ್ಕಿಹಾಕ್ಕೊಂಡೆ ಅಂತೀನಿ," ಎಂದ ಹೆನಿಂಗ್, ಹಲ್ಲು ಕಟಕಟಿಸುತ್ತಾ. "ನಾಯಿ ಅಂತ ತಿಳಿದ್ರೆ ನಮ್ಮ ಕಚೇರಿಯವರು ಈ ಗುಡ್ಡಾನೇ ಬಿಟ್ಬಿಡ್ತಾರೆ. ಇಂಥ ಗಾಳಿ ಎಲ್ಲೂ ಸಿಗಲ್ಲ. ನಿನ್ನ ನಾಯೀನೂ ಉಳಿಯತ್ತೆ."

"ತಂತಿಗೆ ಹಲ್ಲಿರತ್ತಾ?"

"ಯಾರು ನೋಡಿದ್ರು?"

ಅವಳು ಚಾಟಿ ಬೀಸಿದಳು. ಇಂಥ ನಾಯಿಯನ್ನು ಬೆಳೆಸಲು ಅವಳಿಗೆ ಆರು ವರ್ಷ ಹಿಡಿದಿತ್ತು.

ದಡದಲ್ಲಿ ಜನ ಹೆನಿಂಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. "ಏನಾಯ್ತೇ?" ಎಂದು ಯಾರೋ ಕೇಳಿದರು. ಅವಿಯಾಕ್ ಬಾಯಿ ತೆರೆಯುವಷ್ಟರಲ್ಲಿ ಮಗಳು ಅಜ್ಜಿಯ ಕೈ ಬಿಡಿಸಿಕೊಂಡು ಬಂದು ತುಲುಗಾಕ್‌ನ ಕುತ್ತಿಗೆಗೆ ಜೋತುಬಿದ್ದಳು. ಅವಳ ಕೆನ್ನೆಗೂ ಅದರ ಬಾಯಿಗೂ ಒಂದು ಗೇಣೂ ಅಂತರವಿರಲಿಲ್ಲ. ಮೂತಿಯ ರಕ್ತ ಒಣಗಿ ಕಪ್ಪು ಹಕ್ಕಳೆಯಾಗಿತ್ತು.

ಅವಿಯಾಕ್ ಮಗಳನ್ನು ರೆಟ್ಟೆ ಹಿಡಿದು ಎಳೆದ ರಭಸಕ್ಕೆ ಮಗು ಬಿದ್ದೇಬಿಟ್ಟಿತು.

"ಈ ನಾಯಿ ಕಚ್ಚಿದ್ದು," ಎಂದಳು ಎಲ್ಲರಿಗೂ ಕೇಳುವಂತೆ. ಬಂದೂಕು ತೆಗೆದಳು.

ಮಗು ಅವಳ ಕಾಲು ತಬ್ಬಿಕೊಂಡಿತು. "ಬೇಡಾ! ತುಲುಗಾಕ್ ಒಳ್ಳೆ ನಾಯಿ! ಇದೊಂದ್ಸಲ ಬಿಟ್ಬಿಡು!"

ಮುದುಕರು ಮುಖ ಮುಖ ನೋಡಿಕೊಂಡರು. ಈ ಮಾತನ್ನು ಇದೇ ದಡದಲ್ಲಿ ಇದೇ ಹೆಸರಿನವನ ಬಾಯಲ್ಲಿ ಅವರು ಕೇಳಿದ್ದರು.

ಅವಿಯಾಕ್ ಬಗ್ಗಿ, ಮಗುವಿನ ಅಂಗೈಯನ್ನು ತನ್ನ ಎಡಗೆನ್ನೆಯ ಗುಳಿಗೆ ಒತ್ತಿ ಹಿಡಿದಳು.

"ಅಪ್ಪಾ," ಎಂದಳು, "ಹೋದ ಸಲ ನಿನ್ನ ಮಾತು ಕೇಳಿದ್ವಿ."

ಅಜ್ಜಿ ಮಗುವನ್ನು ಎತ್ತಿಕೊಂಡು ಹೋದಳು. ಗುಂಡು ಹಾರಿತು. ಹೆನಿಂಗನಿಗೆ ಬಾಯಿ ಹಾಕಿದ್ದನ್ನು ಅವಳು ಕಂಡಿದ್ದ ಇನ್ನೆರಡಕ್ಕೂ ಒಂದೊಂದು ಹಾರಿತು.

ಮರುವರ್ಷ ಕಂಬ ಕೀಳಲು ಹೆನಿಂಗನೇ ಬಂದ, ಜೋತುಬಿದ್ದ ಕೈಯೊಂದಿಗೆ. ಕಚೇರಿಯವರು ಬೇರೆಲ್ಲೋ ಜಾಗ ನೋಡಿದ್ದರಂತೆ. ಹೊಸ ಮುಂದಾಳು ನಾಯಿ ದಾರಿ ತಪ್ಪಿ ಬಂಡಿಯನ್ನು ಎರಡು ಸಲ ನೀರಿನ ಅಂಚಿಗೆ ಒಯ್ದಿತು. ಅವಿಯಾಕ್ ಎರಡು ಸಲವೂ ಇಳಿದು, ಅದರ ಕಿವಿ ಹಿಂಡಿ, ತಾನೇ ಮುಂದೆ ನಡೆದಳು. ಹೆನಿಂಗ್ ಬಂಡಿಯ ಮೇಲೆ ಕೂತು, ಈ ಸಲ ಆಕಾಶ ಬಿಟ್ಟು ನೆಲವನ್ನೇ ನೋಡುತ್ತಿದ್ದ.