ಮದ್ದು ಹುಡುಕುವವರ ಕತೆ

ಹೊಸ ಮಾಂತ್ರಿಕ ಕಾದಂಬರಿಯ ಎರಡು ಪುಟ ತಿರುವಿ, ಕಮಲಕ್ಕ ಅದನ್ನು ನನ್ನ ಮೇಜಿನ ಮೇಲೆಯೇ ಇಟ್ಟುಬಿಟ್ಟರು. ಅರವತ್ತರ ದಶಕದಲ್ಲಿ ಪುತ್ತೂರಿನಲ್ಲಿ ನಾನು ನಡೆಸುತ್ತಿದ್ದ ವಾಚನಾಲಯದಿಂದ ಅವರು ವಾರವಾರವೂ ಒಯ್ಯುತ್ತಿದ್ದುದು ಅಂಥ ಕತೆಗಳನ್ನೇ. ಮಗಳು ಜ್ವರದಿಂದ ತೀರಿಕೊಂಡ ಮೇಲೆ ಅಂದೇ ಮೊದಲು ಬಂದಿದ್ದರು.

“ಮಂತ್ರದ ನೀರು ಹಾಕಿದ್ರೆ ಸತ್ತವರು ಏಳುದು, ಅದೆಲ್ಲ ಇನ್ನು ಓದ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಮದ್ದು ಹುಡುಕುವವರ ಕತೆ ಎಂತಾದ್ರೂ ಉಂಟಾ?”

ವಿಜ್ಞಾನಿಯೊಬ್ಬ ಹೊಸ ಔಷಧಿ ಕಂಡುಹಿಡಿಯುವ ಕಾದಂಬರಿಯೊಂದಿತ್ತು. ಅದುವರೆಗೆ ಅದನ್ನು ಯಾರೂ ಒಯ್ದಿರಲಿಲ್ಲ. ಕಮಲಕ್ಕ ಮೂರೇ ದಿನದಲ್ಲಿ ಓದಿ ತಂದರು.

“ಎಷ್ಟು ಸಲ ಸೋತ, ಆದ್ರೂ ಬಿಡ್ಲಿಲ್ಲ ಅವ,” ಎಂದು ಹೇಳಿ, ಅಂಥದ್ದೇ ಇನ್ನೊಂದು ಕೇಳಿದರು. ನನ್ನಲ್ಲಿರಲಿಲ್ಲ.

ಕತೆಯೆಂದರೆ ಹೊತ್ತು ಕಳೆಯುವುದಕ್ಕೆ ಎಂದೇ ನಾನು ತಿಳಿದಿದ್ದೆ. ಮುಂದಿನ ಸಲ ಪುಸ್ತಕ ತರಲು ಮಂಗಳೂರಿಗೆ ಹೋದಾಗ ವಿಜ್ಞಾನದ ಕಾದಂಬರಿಗಳನ್ನೇ ಮೊದಲು ಹುಡುಕಿದೆ.